ಶಿವಕಾಂತಾ ನೋಡಿದ ಗಿಲಾವು

ಶಿವಕಾಂತಾಳ ಕೆಲಸಕ್ಕೆ ಕಲ್ಲು ಹಾಕಲು ಹೊರಟಿದ್ದವಳು ನಾನೇ. ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ.

ಅವಳು ಕಲಬುರಗಿ ಕಡೆಯ ಗೌಂಡಿ ಅಂಬಾದಾಸರ ಮಗಳು. ಪುಣೆಯ ಮಗರಪಟ್ಟಾದ ಕಟ್ಟಡಗಳು ಏಳುವಾಗ ಇಟ್ಟಿಗೆ ರಾಶಿಗಳ ನಡುವೆ ಆಡಿ ಬೆಳೆದು, ಬಿಎಸ್ಸಿ ಮುಗಿಸಿ, ನಮ್ಮ ಲ್ಯಾಬಿಗೆ ಟೆಕ್ನಿಶಿಯನ್ ಆಗಿ ಬಂದಳು.

ಡಿಎನ್‌ಎ ತುಂಡಾದರೆ ಜೀವಕೋಶದಲ್ಲಿ ಕೈನೇಸ್ ಎಂಬ ಒಂದು ಕಿಣ್ವ ಎಚ್ಚೆತ್ತು, ರಿಪೇರಿಯ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಕೆಲಸಕ್ಕೆ ಹಚ್ಚುತ್ತದೆ. ಸಾವಿರಾರು ಪ್ರೋಟೀನುಗಳಲ್ಲಿ ತನಗೆ ಬೇಕಾದದ್ದನ್ನು ಗುರುತಿಸುವುದು ಹೇಗೆ? ಸೆರೀನ್ ಎಂಬ ಅಮೈನೋ ಆಮ್ಲ, ಅದರ ಬೆನ್ನಿಗೇ ಗ್ಲುಟಮಿನ್ ಎಂಬ ಇನ್ನೊಂದು. ಮುಖ್ಯವಾಗಿ ಈ ಜೋಡಿಯೇ ಅದಕ್ಕೆ ಗುರುತು. ನಮ್ಮ ಹೊಸ ಪ್ರೋಟೀನಿನಲ್ಲೂ ಆ ಜೋಡಿ ಇತ್ತು! ಗ್ಲುಟಮಿನ್ ಬದಲಿಸಿದರೆ ಗುರುತು ತಪ್ಪಬೇಕು. ಪರೀಕ್ಷೆಯ ಹಾಳೆಯಲ್ಲಿ ಫಾಸ್ಫೇಟ್ ಇದ್ದಲ್ಲಿ ಮಾತ್ರ ಕಪ್ಪು ಗೆರೆ ಬರಬೇಕು. ಶಿವಕಾಂತಾ ನಾಲ್ಕು ಸಲ ಮಾಡಿದರೂ ಇಡೀ ಹಾಳೆ ಕಪ್ಪು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. "ಅವಳ ಕೈಯೇ ಸರಿ ಇಲ್ಲ ಸರ್" ಎಂದು ಲ್ಯಾಬಿನ ಮುಖ್ಯಸ್ಥ ಮಧುಕರ್ ಸರ್‌ಗೆ ದೂರಿದೆ. ಶುಕ್ರವಾರದ ಪರೀಕ್ಷೆಯೂ ಕೆಟ್ಟರೆ ಅವಳ ಕಾಂಟ್ರಾಕ್ಟ್ ಮುಗಿಯಿತು ಎಂದರು.

ಶಿವಕಾಂತಾ ಅಳಲಿಲ್ಲ. "ಗ್ವಾಡಿ ಮ್ಯಾಲ ಕಲೆ ಮೂಡಿದ್ರ ಬಣ್ಣದವಗ ಬೈಬ್ಯಾಡ, ಒಳಗ ಮೆತ್ತಿದ ಸಿಮೆಂಟಿನ ಗಿಲಾವ್ ನೋಡು ಅಂತಾನ ನಮ್ಮಪ್ಪ. ಬ್ಯಾರೆ ಏನೂ ಅಂಟಬಾರದಂತ ಹಾಳಿಗೆ ಹಾಲಿನಪುಡಿ ಕಲಸಿ ಹಚ್ಚತೀವಲ್ರಿ ಇಂಪನಾ ಮೇಡಂ, ಆ ಹಾಲಿನ್ಯಾಗ ಫಾಸ್ಫೇಟ್ ಇಲ್ಲೇನ್ರಿ?"

ಹೌದಲ್ಲ! ಹಾಲಿನ ಪ್ರೋಟೀನಿಗೆ ಮೈತುಂಬ ಫಾಸ್ಫೇಟ್! ಬೇರೆ ಪರೀಕ್ಷೆಗಳಿಗೆ ನಡೆಯುತ್ತದೆಂದು ಇದಕ್ಕೂ ಹಾಲನ್ನೇ ಹಚ್ಚಿಸಿದವಳು ನಾನು.

ಶುಕ್ರವಾರ ಅವಳು ಹಾಲಿನ ಬದಲು ಫಾಸ್ಫೇಟ್ ಇಲ್ಲದ ಆಲ್ಬುಮಿನ್ ಪ್ರೋಟೀನು ಹಚ್ಚಿದಳು. ಕಂಪ್ಯೂಟರಿನಲ್ಲಿ ಚಿತ್ರ ನಿಧಾನಕ್ಕೆ ಮೂಡಿತು. ಹಾಳೆ ಬೆಳ್ಳಗಿದೆ! ಬದಲಿಸದ ಪ್ರೋಟೀನಿನ ಮೊದಲ ಸಾಲಿನಲ್ಲಿ ದಪ್ಪ ಕಪ್ಪು ಗೆರೆ. ಗ್ಲುಟಮಿನ್ ಬದಲಿಸಿದ ಎರಡನೆಯ ಸಾಲಿನಲ್ಲಿ ಏನೂ ಇಲ್ಲ, ಏನೇನೂ ಇಲ್ಲ! ನಾನು ಕಿರುಚಿದ ರಭಸಕ್ಕೆ ಸ್ಟೂಲು ಉರುಳಿತು. ಅವಳನ್ನು ಗಟ್ಟಿಯಾಗಿ ತಬ್ಬಿಕೊಂಡೆ.

"ಸಾರಿ ಕಣೇ, ತಪ್ಪೆಲ್ಲಾ ನಂದೇ."

ಅವಳೂ ನಗುತ್ತಿದ್ದಳು, ಕಣ್ಣು ತುಂಬಿತ್ತು. ಆದರೂ ನನ್ನ ಕೈ ಬಿಡಿಸಿದಳು. "ನನಗ ಹೇಳಿದ್ರ ಏನ್ ಬಂತ್ರಿ? ದೂರು ಹೇಳಿದಲ್ಲೇ ಹೋಗಿ ಹೇಳ್ರಿ. ನಾನೂ ಬರ್ತೀನಿ, ನಡೀರಿ."

ಮಧುಕರ್ ಸರ್ ಕೋಣೆಯ ಬಾಗಿಲು ತಟ್ಟಿದವಳು ಅವಳೇ. ನಾನು ಒಪ್ಪಿಕೊಂಡು ಮುಗಿಸುವವರೆಗೂ ಪಕ್ಕದಲ್ಲೇ ನಿಂತು ಕೇಳಿದಳು.