ಅಕ್ಕನ ರಜಾ ಚೀಟಿ

ಪೆರೇಸಂದ್ರದ ಬಳಿಯ ಗುಲಾಬಿ ಶೆಡ್ಡಿಗೆ ನಾನು ಸೇರಿದ್ದು ಹೂ ವಿಂಗಡಿಸುವ ಕೆಲಸಕ್ಕೆ. ಕಡ್ಡಿಯ ಉದ್ದ ನೋಡಿ ಬೇರೆ ಮಾಡಿ, ಇಪ್ಪತ್ತರ ಕಟ್ಟು ಕಟ್ಟಬೇಕು. ಹನ್ನೆರಡು ಹೆಂಗಸರಲ್ಲಿ ನಾನೇ ಚಿಕ್ಕವಳು. ಮುಳ್ಳು ತಾಗದಂತೆ ಹೂ ಹಿಡಿಯುವುದನ್ನು ಕಲಿಸಿದ್ದು ಪಕ್ಕದ ಮೇಜಿನ ಅಕ್ಕ. ಆಗ ನಾನು ಚಿಕ್ಕಬಳ್ಳಾಪುರದ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೆ. ನಮ್ಮ ಮನೆಮಾತು ತೆಲುಗು. ದಿನವಿಡೀ ಅದು ನನ್ನ ಕಿವಿಗೆ ಬೀಳುತ್ತಿದ್ದದ್ದು ಅಕ್ಕನ ಬಾಯಿಂದ ಮಾತ್ರ.

ಎಷ್ಟು ಕಟ್ಟು ಕಟ್ಟಿದೆ, ಎಷ್ಟು ಹೂ ಮುರಿಯಿತು, ಬಸ್ಸು ಎಷ್ಟು ನಿಮಿಷ ತಡವಾಯಿತು, ಎಲ್ಲಕ್ಕೂ ಡೈರಿಯಲ್ಲಿ ಗೀಟು ಹಾಕುವುದು ನನ್ನ ಅಭ್ಯಾಸ. ಅಕ್ಕ ನಮ್ಮ ತೆಲುಗಿನಲ್ಲೇ ಕೆಣಕಿ ನಗುತ್ತಿದ್ದಳು.

"ಬೆಳಗ್ಗಿಂದ ನಾನೆಷ್ಟು ಸಲ ಆಕಳಿಸ್ದೆ ಅಂತಾನೂ ಬರ್ಕೊಂಡ್ಯೇನೇ?"

"ನಾಕು ಸಲ."

"ಅಯ್ಯೋ ನಿನ್ನ! ನಾಳೆ ಅತ್ತೆ ಬೈಗುಳಾನೂ ಎಣಿಸ್ತೀಯ ಕಣೇ ನೀನು."

ಅಕ್ಷರ ಚೆನ್ನಾಗಿದೆಯೆಂದು ಎಲ್ಲರ ರಜಾ ಚೀಟಿಯನ್ನೂ ನನ್ನ ಕೈಯಲ್ಲೇ ಬರೆಸುತ್ತಿದ್ದರು. "ನಾದಿನಿ ಜಗಳ ಮಾಡ್ಕೊಂಡು ಬಂದವ್ಳೆ, ವಾಪಸ್ ಬಿಟ್ಟು ಬರ್ಬೇಕು" ಎಂದು ಅಕ್ಕ ಹೇಳಿದರೆ, ನಾನು 'ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಅನಿವಾರ್ಯ ಕಾರಣದಿಂದ' ಎಂದು ಬರೆಯುತ್ತಿದ್ದೆ. ಓದಿ ಹೇಳಿದಾಗ ಅಕ್ಕ, "ಇಷ್ಟು ಬಗ್ಗಿ ಕೇಳಿದ್ರೆ ಯಾರು ಇಲ್ಲ ಅಂತಾರೆ?" ಎನ್ನುತ್ತಿದ್ದಳು. ಒಟ್ಟು ಹದಿನೇಳು ಚೀಟಿ ಬರೆದಿದ್ದೆ. ಇಲ್ಲವೆಂದದ್ದು ಎರಡಕ್ಕೆ ಮಾತ್ರ.

ಈ ಬರೆದಿಡುವ ಗುಣ ನೋಡಿಯೇ ಮ್ಯಾನೇಜರ್ ನನ್ನನ್ನು ಸೂಪರ್‌ವೈಸರ್ ಮಾಡಿದರು. ಉಳಿದವರಿಗೆ ನಾನು ಒಂದೇ ದಿನದಲ್ಲಿ ಮೇಡಂ ಆದೆ. ಅಕ್ಕನ ಮಾತು ಮಾತ್ರ ಬದಲಾಗಲಿಲ್ಲ. ಊಟದ ಹೊತ್ತಿಗೆ ಅವಳ ಪಕ್ಕದ ಜಾಗ ನನಗೇ ಇರುತ್ತಿತ್ತು.

ಒಂದು ಶುಕ್ರವಾರ ಮ್ಯಾನೇಜರ್ ಕರೆದರು. ದೊಡ್ಡ ಆರ್ಡರ್ ಬಂದಿತ್ತು, ಭಾನುವಾರ ಎಲ್ಲರೂ ಬರಬೇಕಿತ್ತು. ಅಕ್ಕನಿಗೆ ಅಂದು ಕೈವಾರದಲ್ಲಿ ಮೊಮ್ಮಗನ ಮುಡಿ. ಚೀಟಿ ಬರೆದವಳು ನಾನೇ, ರಜೆಯೂ ಸಿಕ್ಕಿತ್ತು.

"ಆಯಮ್ಮ ಬಂದ್ರೆ ಎಲ್ರೂ ಬರ್ತಾರೆ. ನಾನು ಕೇಳಿದ್ರೆ ಎಲ್ರಿಗೂ ಭಾನುವಾರ ಹೊಟ್ಟೆನೋವು ಬರುತ್ತೆ. ನೀನು ಕೇಳಮ್ಮ, ನಿಮ್ಮ ತೆಲುಗಲ್ಲಿ."

ನಾನು ಹೋಗಿ ಅಕ್ಕನ ಮೊಣಕೈ ಹಿಡಿದೆ. "ಈ ಒಕ್ಕ ಆದಿವಾರಂ ರಾಕ್ಕಾ" ಎಂದೆ, ಈ ಒಂದು ಭಾನುವಾರ ಬಾ, ನನಗೋಸ್ಕರ ಎಂದೆ. ಅಮ್ಮನ ಹತ್ತಿರ ಏನಾದರೂ ಬೇಕಾದಾಗ ಎಳೆಯುವ ರಾಗ ತಾನಾಗಿ ಬಂತು. ಅಕ್ಕ ಕೈಗವಸು ತೆಗೆದು, ಮತ್ತೆ ಹಾಕಿಕೊಂಡಳು. ನೀನು ಕೇಳಿದ ಮೇಲೆ ಇಲ್ಲ ಅನ್ನೋದು ಹೆಂಗೆ ಎಂದು ತೆಲುಗಿನಲ್ಲೇ ಅಂದಳು.

ಭಾನುವಾರ ಹನ್ನೊಂದು ಮಂದಿಯೂ ಬಂದರು. ಮಧ್ಯಾಹ್ನ ಅಕ್ಕನ ಫೋನಿಗೆ ಬೋಳುತಲೆಯ ಮಗುವಿನ ಫೋಟೋ ಬಂತು. ನಾವೆಲ್ಲ ಬಗ್ಗಿ ನೋಡುತ್ತಿದ್ದಾಗ ಮ್ಯಾನೇಜರ್ ಬಾಗಿಲಲ್ಲಿ ನಿಂತು ಖುಷಿಯಿಂದ ಕೂಗಿದರು: "ನೋಡ್ದಾ? ತೆಲುಗಲ್ಲಿ ಕೇಳು ಅಂದಿದ್ದು ವರ್ಕ್ ಆಯ್ತಲ್ಲ!"

ಅಕ್ಕ ನನ್ನ ಮುಖ ನೋಡಿದಳು. ಫೋನನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿದಳು.

ಸೋಮವಾರ ಬೆಳಗ್ಗೆ ಕೇಳಿದಳು: "ಮೇಡಂ, ಈ ಕಟ್ಟು ಎಲ್ಲಿಡ್ಲಿ?" ಅದೂ ಕನ್ನಡದಲ್ಲಿ. ನಾನು ತೆಲುಗಿನಲ್ಲಿ ಉತ್ತರ ಕೊಟ್ಟೆ. "ಸರಿ ಮೇಡಂ" ಎಂದಳು. ಒಂದು ಗಡುಸು ಮಾತೂ ಇಲ್ಲ, ಕೆಲಸದಲ್ಲಿ ಒಂದು ತಪ್ಪೂ ಇಲ್ಲ. ಊಟಕ್ಕೆ ನಾನು ಆಫೀಸಿನ ಪಕ್ಕದ ಕೋಣೆಗೆ ಹೋಗತೊಡಗಿದೆ. ಅಕ್ಕ ನನ್ನೊಡನೆ ತೆಲುಗು ಆಡಿದ ದಿನಕ್ಕೊಂದು ಗೀಟು ಎಂದು ಡೈರಿಯಲ್ಲಿ ಹೊಸ ಸಾಲು ಮಾಡಿದೆ. ಮೂರು ವಾರ ಅದು ಖಾಲಿಯೇ ಉಳಿಯಿತು.

ನಾಲ್ಕನೆಯ ವಾರ ಅಕ್ಕ ಒಂದು ಚೀಟಿ ತಂದಳು. ಅಕ್ಷರ ಅವಳ ಮಗಳದು, ಒಕ್ಕಣೆ ನನ್ನದು. 'ಸೂಪರ್‌ವೈಸರ್ ಅವರಿಗೆ, ಮಾನ್ಯರೇ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಅನಿವಾರ್ಯ ಕಾರಣದಿಂದ...'

ಚೀಟಿ ಯಾಕಕ್ಕಾ, ಬಾಯಲ್ಲಿ ಹೇಳಿದ್ದರೆ ಸಾಕಿತ್ತು ಎಂದೆ, ತೆಲುಗಿನಲ್ಲಿ.

"ಇರ್ಲಿ ಮೇಡಂ. ಹಿಂಗೇ ಕೇಳ್ಬೇಕು ಅಂತ ನೀವೇ ಅಲ್ವಾ ತೋರ್ಸಿದ್ದು."

ಸಹಿ ಹಾಕಿ ಕೊಟ್ಟೆ. ಅವಳ ಮನೆಯಲ್ಲಿ ಜ್ವರವೋ, ಜಗಳವೋ, ಹಬ್ಬವೋ, ಕೇಳುವ ಧೈರ್ಯ ಬರಲಿಲ್ಲ. ಸಂಜೆ ಡೈರಿಯಲ್ಲಿ ಬರೆದೆ: ರಜೆ, ಒಂದು ದಿನ. ಕಾರಣದ ಜಾಗವನ್ನು ಹಾಗೇ ಬಿಟ್ಟೆ.