ನಾಡಿ ಹಿಡಿದು ಕೇಳುತ್ತಿದ್ದ ಡಾಕ್ಟರು

ಸತ್ತವರು ಬಂದು ಹೋಗುತ್ತಾರೆಂದು ಯಾರಾದರೂ ಹೇಳಿದರೆ ನಾನು ಮಾತು ಬದಲಿಸುತ್ತಿದ್ದೆ. ಈಗಲೂ ನಂಬಿದ್ದೇನೆ ಎನ್ನಲಾರೆ. ನಡೆದದ್ದನ್ನಷ್ಟೇ ಬರೆಯುತ್ತೇನೆ.

ನಮ್ಮ ಉಮ್ಮ, ಅಂದರೆ ತಾಯಿ, ತೀರಿಕೊಂಡ ಮೇಲೆ ತಂಗಿ ನಸೀಮಾ ಊಟ, ನಿದ್ದೆ ಬಿಟ್ಟಳು. ಉಮ್ಮ ಅಡುಗೆಮನೆಯಿಂದ ಕರೆಯುತ್ತಾಳೆ ಎನ್ನುತ್ತಿದ್ದಳು. ಮಂತ್ರಿಸಿದ ನೀರು ಕುಡಿಸಿದ್ದಾಯಿತು. ಕೊನೆಗೆ ಕೊಪ್ಪದಲ್ಲಿ ಮನೋವೈದ್ಯರಿಗೆ ತೋರಿಸಿದೆ. ದೊಡ್ಡ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಮೆದುಳಿನ ರಾಸಾಯನಿಕಗಳನ್ನು ಅಭ್ಯಾಸ ಮಾಡಿ, ಆಮೇಲೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಲ್ಲಿ ವಾರಕ್ಕೊಮ್ಮೆ ಕೂರುತ್ತಿದ್ದವರು ಅವರು.

ಮೊದಲು ರಕ್ತಪರೀಕ್ಷೆ ಮಾಡಿಸಿದರು. ಆಮೇಲೆ ನಸೀಮಾಳ ಎಡಗೈಯ ನಾಡಿ ಹಿಡಿದುಕೊಂಡೇ ಮನೆಯ ವಿಷಯ ಕೇಳುತ್ತಾ ಹೋದರು. ಉಮ್ಮನ ಹೆಸರು ಎತ್ತಿದಾಗ ನಾಡಿಗೆ ಏನೂ ಆಗಲಿಲ್ಲ. ಕೊನೆಯ ದಿನ ಹತ್ತಿರ ಯಾರಿದ್ದರು ಎಂದಾಗ ನಾಡಿ ಎಗರಿತಂತೆ.

"ಇಲ್ಲಿದೆ ನೋಡು ಮಾರಾಯ್ತಿ. ಸ್ವರ ಕೇಳೋದು ನಿಲ್ಲೋದಕ್ಕೆ ಮಾತ್ರೆ ಕೊಡ್ತೀನಿ. ಆ ಸ್ವರ ಏನು ಹೇಳ್ತದೋ ಅದಕ್ಕೆ ಮಾತ್ರೆ ಇಲ್ಲ, ನಾವೇ ಕೂತು ಮಾತಾಡ್ಬೇಕು."

ಇದು ಮೆದುಳಿನದೋ ಮನಸ್ಸಿನದೋ ಎಂದು ಕೇಳಿದೆ. ನಕ್ಕರು. "ಮೆದುಳಿನವ್ರು ನನ್ನನ್ನ ಮಾತುಗಾರ ಅಂತಾರೆ, ಮನಸ್ಸಿನವ್ರು ಮಾತ್ರೆಯವ ಅಂತಾರೆ. ಎರಡು ಮನೇಲೂ ನಂಗೆ ಊಟ ಇಲ್ಲ ಮಾರಾಯ!"

ನಸೀಮಾ ಚೇತರಿಸಿಕೊಂಡಳು. ಹೋದಾಗಲೆಲ್ಲ ಅವರು ಕೇಳುವ ಮೊದಲೇ ಕೈಯನ್ನು ಸೆರಗಿಗೆ ಒರೆಸಿ ಮುಂದೆ ಚಾಚುತ್ತಿದ್ದಳು.

ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಊಟಕ್ಕೆಂದು ಬಾಳಗಡಿಯ ಅಂಗಡಿಯಿಂದ ಮನೆಗೆ ಬಂದಿದ್ದೆ. ಮೀನು ತೊಳೆಯುತ್ತಿದ್ದ ನಸೀಮಾ ಎದ್ದು, ಕೈ ಒರೆಸಿಕೊಂಡು, ಮೇಜಿನ ಮೇಲೆ ಎಡಗೈ ಚಾಚಿ ಕೂತಳು. ಎದುರಿನ ಕುರ್ಚಿ ಖಾಲಿ. ಮನೆಯಲ್ಲಿ ನಾವಾಡುವುದು ಬ್ಯಾರಿ ಭಾಷೆ. ಅವಳು ಕನ್ನಡದಲ್ಲಿ ಮಾತಾಡಿದಳು.

"ಇಲ್ಲ ಡಾಕ್ಟ್ರೆ, ಈಗ ಕರೆಯೋದಿಲ್ಲ. ನಿದ್ದೆ ಬರ್ತದೆ... ಆಯ್ತು, ಹೇಳ್ತೀನಿ."

ಕಾಯಿಲೆ ಮರಳಿತೆಂದುಕೊಂಡೆ. ಏನಂದರು ಎಂದು ಕೇಳಿದೆ. "ಮಾತ್ರೆ ಬಿಡ್ಬೇಡ, ಮುಂದಿನ ವಾರ ಬರೋದು ಬೇಡ ಅಂದ್ರು" ಎಂದು ಮತ್ತೆ ಮೀನಿನ ಮುಂದೆ ಕೂತಳು.

ಹೊರಗೆ ಬಂದು ಡಾಕ್ಟರಿಗೆ ಫೋನ್ ಮಾಡಿದೆ. ಎತ್ತಿದ್ದು ನರ್ಸ್. ಶೃಂಗೇರಿಯಲ್ಲಿ ರೋಗಿಗಳನ್ನು ನೋಡುತ್ತಿದ್ದಾಗಲೇ ಕುಸಿದರಂತೆ. ಆಗಷ್ಟೇ ಪ್ರಾಣ ಹೋಗಿತ್ತು. ಅವಳ ಅಳುವಿನ ನಡುವೆ ನಾನು ಏನು ಹೇಳಿದೆನೋ ನೆನಪಿಲ್ಲ.

ಒಳಗೆ ಹೋಗಿ, ಅವರು ಮಾಡುತ್ತಿದ್ದಂತೆಯೇ ನಸೀಮಾಳ ನಾಡಿ ಹಿಡಿದು ಸುದ್ದಿ ಹೇಳಿದೆ. ಅವಳ ಕಣ್ಣು ತುಂಬಿತು. ನಾಡಿ ಮಾತ್ರ ಎಗರಲಿಲ್ಲ.

ಅವಳು ಚೆನ್ನಾಗಿದ್ದಾಳೆ, ಮಾತ್ರೆ ಬಿಟ್ಟಿಲ್ಲ. ಉಮ್ಮನ ಸ್ವರ ಮತ್ತೆ ಕೇಳಿಲ್ಲ. ಅಂದು ನನ್ನ ಬೆರಳಿಗೆ ತಾಗಿದ ಆ ಶಾಂತ ನಾಡಿಗೆ ಏನರ್ಥವೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಬಹುದಾಗಿದ್ದವರು ಅವರೊಬ್ಬರೇ.