ಕಳಸಗಿತ್ತಿಯ ಬಣ್ಣ

ಪಾಂಡವಪುರದಲ್ಲಿ ದೊಡ್ಡಪ್ಪನ ಮಗಳ ಮದುವೆಯಾದಾಗ ನಾನೇ ಕಳಸಗಿತ್ತಿ. ಕಳಸ ಹಿಡಿದುಕೊಂಡು ಮದುವಣಗಿತ್ತಿಯ ಪಕ್ಕ ಬಿಡದೆ ಇರುವ ಕೆಲಸ. ಹಾಗಾಗಿ ಮದುವೆಯ ವಿಡಿಯೋ ಕ್ಯಾಸೆಟ್ಟಿನ ಉದ್ದಕ್ಕೂ ನಾನಿದ್ದೆ. ಆ ಕ್ಯಾಸೆಟ್ಟು ನನ್ನ ಮದುವೆಗೂ ಉಪಯೋಗಕ್ಕೆ ಬರುತ್ತೆ ಅಂತ ಅಪ್ಪನಿಗೆ ಹೊಳೆದದ್ದು ಮೂರನೇ ಗಂಡಿನ ಕಡೆಯವರು ಬರುವಾಗ. ಮೊದಲಿನ ಇಬ್ಬರು ದೇವಲಾಪುರದ ನಮ್ಮನೆಯಲ್ಲಿ ಉಪ್ಪಿಟ್ಟು ತಿಂದು ಹೋಗಿ, "ಹುಡ್ಗಿ ಬಣ್ಣ ಒಸಿ ಕಮ್ಮಿಯಾಯ್ತು" ಅಂತ ಹೇಳಿ ಕಳಿಸಿದ್ದರು. ಅಯ್ಯೋ, ಒಸಿ ಏನು ಬಂತು, ನಾನು ಕಪ್ಪೇ.

ಈ ಸಂಬಂಧವೂ ತಪ್ಪಿದರೆ ಮುಗೀತು ಅಂತ ಅವ್ವ ಬಾಯಿಬಿಟ್ಟೇ ಹೇಳಿದ್ದಳು. ಭಯವಾಗಬೇಕಿತ್ತು. ನನಗೆ ಏನೂ ಆಗಲಿಲ್ಲ. ಕೊಟ್ಟ ಸೀರೆ ಉಟ್ಟುಕೊಂಡೆ, ಹೂವು ಮುಡಿ ಅಂದರು, ಮುಡಿದೆ.

ಬೆಳಿಗ್ಗೆಯೇ ಅಪ್ಪ ಡೆಕ್ಕಿಗೆ ಕ್ಯಾಸೆಟ್ಟು ಹಾಕಿ, ನನ್ನ ಮುಖ ದೊಡ್ಡದಾಗಿ ಬಂದ ಕಡೆ ನಿಲ್ಲಿಸಿದ. ಟೀವಿಯ ಕೆಳಗಡೆಯ ಪುಟ್ಟ ಮುಚ್ಚಳ ತೆಗೆದರೆ ಒಳಗೆ ಸಾಲಾಗಿ ನಾಬುಗಳು: ಬ್ರೈಟ್ನೆಸ್ಸು, ಕಾಂಟ್ರಾಸ್ಟು, ಕಲರ್ರು. ಅದರ ಮುಂದೆ ಮೊಣಕಾಲೂರಿ ಕೂತು ಒಂದೊಂದನ್ನೇ ತಿರುಗಿಸತೊಡಗಿದ.

"ಈಗ ಹೆಂಗೈತೆ?"

"ಇನ್ನೊಸಿ ಬೆಳ್ಳಗಾಗ್ಲಿ," ಅಂದಳು ಅವ್ವ.

ಬ್ರೈಟ್ನೆಸ್ಸು ಏರಿತು, ನಾನು ಬೆಳ್ಳಗಾದೆ. ಪಾಪ, ಮೊದಲೇ ಬೆಳ್ಳಗಿದ್ದ ಮದುವಣಗಿತ್ತಿಯ ಮುಖದಲ್ಲಿ ಮೂಗೇ ಕಾಣದಾಯಿತು. ಪುರೋಹಿತರ ಪಂಚೆ ಟ್ಯೂಬ್‌ಲೈಟಿನ ಹಾಗೆ ಉರಿಯಿತು. ಕಲರ್ರು ಏರಿಸಿದರೆ ಎಲ್ಲರೂ ಎಲೆಅಡಿಕೆ ಹಾಕಿಕೊಂಡ ಹಾಗೆ ತುಟಿ ಕೆಂಪು, ಇಳಿಸಿದರೆ ಕುಂಕುಮವೂ ಬೂದಿ. ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ. ಅಪ್ಪ ಒಂದು ಸಲವೂ ತಿರುಗಿ ನನ್ನ ಮುಖ ನೋಡಲಿಲ್ಲ.

"ಅಡ್ಡ ಬರ್ಬ್ಯಾಡ ಕಣ್ ಮಗ, ಅತ್ತಗಿರು," ಅಂದ.

ಮಧ್ಯಾಹ್ನ ಕೆ.ಆರ್. ಪೇಟೆಯಿಂದ ಹುಡುಗನೂ ಅವನ ತಾಯಿಯೂ ಬಂದರು. ಅವರು ಕೂತದ್ದೇ ತಡ, ಅಪ್ಪ ಟೀವಿ ಹಾಕಿದ. "ಅಗೋ, ಕಳಸ ಹಿಡ್ಕೊಂಡವ್ಳಲ್ಲ, ಅವ್ಳೇ ನಮ್ಮುಡ್ಗಿ."

"ಅಯ್, ಲಕ್ಷಣವಾಗವ್ಳೆ ಬುಡಿ," ಅಂತ ಆ ತಾಯಿ ಅಂದದ್ದು ಅಡುಗೆಮನೆಗೆ ಕೇಳಿಸಿತು. ಅವ್ವ ಕಾಫಿ ತಟ್ಟೆ ಕೈಗೆ ಕೊಟ್ಟು ನನ್ನನ್ನು ಹೊರಕ್ಕೆ ತಳ್ಳಿದಳು.

ಆಕೆ ನನ್ನನ್ನು ನೋಡಿದಳು. ಟೀವಿ ನೋಡಿದಳು. ತಿರುಗಿ ನನ್ನನ್ನು ನೋಡಿದಳು.

"ಬಾರವ್ವ, ಒಸಿ ಟೀವಿ ಪಕ್ಕ ನಿಂತ್ಕೋ."

ನಿಂತೆ. ಹುಡುಗ ತಲೆ ತಗ್ಗಿಸಿದ. "ಕರೆಂಟು ಸರಿಯಿಲ್ಲ ಕಣಮ್ಮ, ಅದ್ಕೇ ಇಂಗೆ ಕಾಣ್ತದೆ," ಅಂತ ಅಪ್ಪ ತೊದಲಿದ. ಆಕೆ ಎದ್ದು ಬಂದು ಮುಚ್ಚಳ ತೆಗೆದು, ನನ್ನ ಮುಖ ನೋಡಿಕೊಂಡು ನಾಬು ಇಳಿಸಿದಳು, ಮತ್ತೆ ನೋಡಿ ಇನ್ನಷ್ಟು ಇಳಿಸಿದಳು. ಟೀವಿಯೊಳಗಿನವಳು ಕಪ್ಪಾಗುತ್ತ ಕಪ್ಪಾಗುತ್ತ ನಾನಾದಳು. ಮದುವಣಗಿತ್ತಿಗೆ ಮೂಗು ವಾಪಸ್ಸು ಬಂತು. ಭೂಮಿ ಬಾಯಿ ಬಿಡಬಾರದೇ ಅನ್ನಿಸುವ ಹೊತ್ತು ಅದು, ಆದರೆ ನನಗೆ ಹಾಗೂ ಅನ್ನಿಸಲಿಲ್ಲ. ಕಾಫಿ ಆರುತ್ತಿದೆ ಅಂದುಕೊಂಡೆ.

ಆಕೆ ಹೋಗಿ ಕೂತು ಕಾಫಿ ತಗೊಂಡಳು. "ನಮ್ಮವ್ನೇನು ಬೆಳ್ಳಗವ್ನಾ ಕಣಣ್ಣ? ಕೊಟ್ಗೆ ತುಂಬ ಎಮ್ಮೆ ಅವೆ. ಗೇಯೋ ಹುಡ್ಗಿ ಸಿಕ್ರೆ ಸಾಕು ನಂಗೆ. ಒಪ್ಗೆ, ಆಗ್ಲಿ ಬುಡು."

ಸಂಬಂಧ ಕುದುರಿತು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಲೋಟಗಳನ್ನೆತ್ತಿಕೊಂಡು ಹೋಗಿ ತೊಳೆದೆ.

ಅವರನ್ನು ಬಸ್ಸು ಹತ್ತಿಸಿ ಬಂದ ಅಪ್ಪನ ಮುಖದ ತುಂಬ ನಗು. ಇನ್ನು ಯಾರಿಗೂ ಏನೂ ತೋರಿಸಬೇಕಾಗಿರಲಿಲ್ಲ. ಆದರೂ ಕ್ಯಾಸೆಟ್ಟು ಮೊದಲಿಂದ ಹಾಕಿ, ಟೀವಿ ಮುಂದೆ ಕೂತು, ಮುಚ್ಚಳ ತೆಗೆದು ನಾನು ಬೆಳ್ಳಗಾಗುವ ತನಕ ಬ್ರೈಟ್ನೆಸ್ಸು ಏರಿಸಿದ.

"ಬಾ ಮಗ, ನೋಡ್ಬಾ, ಎಷ್ಟ್ ಚೆಂದಾಗಿ ಕಾಣ್ತಿದ್ದೀಯ."

ಹೋಗಿ ಪಕ್ಕದಲ್ಲಿ ಕೂತೆ. "ಊಂ ಕಣಪ್ಪ, ಚೆಂದಾಗವ್ಳೆ," ಅಂದೆ.